ಬೋರಪ್ಪನಿಗೆ ನೇಯ್ದ ಕಂಬಳಿ

ಆಂಜಿನಮ್ಮ ತನ್ನ ಭಾವನ ಹೆಣಕ್ಕೆ ಹೊದಿಸುವ ಕಂಬಳಿಗೆಂದು ಉಣ್ಣೆ ಕೂಡಿಡಲು ಶುರು ಮಾಡಿದಾಗ ಆ ಭಾವ ಬೋರಪ್ಪ ಗುಂಡುಕಲ್ಲಿನ ಹಾಗಿದ್ದ. ಮುದ್ದೆಗೆ ಕೂತರೆ ತಟ್ಟೆ ಬರಿದಾಗಿಯೇ ಏಳುತ್ತಿದ್ದ. ಕುರಿಗಳ ಹಿಂದೆ ಹೊರಟರೆ ಸಂಜೆಯವರೆಗೆ ಕೂರುವ ಮಾತಿಲ್ಲ. ಕೆಮ್ಮು ಕೂಡ ಇರಲಿಲ್ಲ. ಇದು ೧೯೭೪ರ ಮಾತು.

ಅದು ಗುಟ್ಟಿನ ಕೆಲಸವಾಗಿರಲಿಲ್ಲ. ಐ.ಡಿ.ಹಳ್ಳಿ ಕಡೆಯ ಆ ಸಣ್ಣ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಾಗುವ ಹಾಗೆಯೇ ಅವಳು ಶುರು ಮಾಡಿದಳು. ಕುರಿಗಳಿಗೆ ಕತ್ತರಿ ಹಾಕುವ ದಿನ ಮನೆಯಿಂದ ಮನೆಗೆ ಹೋಗಿ, ಮರಿಗಳ ಮೊದಲ ಕತ್ತರಿಯ ಕರಿ ಉಣ್ಣೆಯನ್ನಷ್ಟೇ ಕೇಳಿ ಆರಿಸಿಕೊಂಡಳು. ಮೊದಲ ಕತ್ತರಿಯದು ರೇಷ್ಮೆಯ ಹಾಗೆ, ಎರಡನೆಯದರಿಂದ ಒರಟಾಗುತ್ತದೆ. ಬದಲಿಗೆ ಅವರ ಒರಟು ಉಣ್ಣೆಯನ್ನು ನೂತು ಕೊಡುತ್ತೇನೆ ಎಂದಳು.

"ಇಷ್ಟು ನಯದ ಉಣ್ಣೆ ಯಾರಿಗಮ್ಮಿ? ಮಗಳ ಬಾಣಂತನಕ್ಕಾ?" ಎಂದು ನೆರೆಮನೆಯ ಗೌರಕ್ಕ ಕೇಳಿದಳು. ಆಂಜಿನಮ್ಮನ ಒಬ್ಬಳೇ ಮಗಳು ಶಿರಾ ಕಡೆಗೆ ಮದುವೆಯಾಗಿ ಹೋಗಿದ್ದಳು.

"ನಮ್ಮ ಭಾವಂಗೆ."

"ಬೋರಣ್ಣಂಗಾ? ಅವರ ಮನೇಲಿ ಕಂಬಳಿಗೇನು ಬರ?"

"ಹೊದೆಯಕ್ಕೆ ಬೇಕಾದಷ್ಟು ಅವೆ. ಸತ್ತ ದಿನಕ್ಕೆ ಇಲ್ಲ ಕಣಕ್ಕ. ಅದಕ್ಕೇ ಇದು."

ಗೌರಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಸಂಜೆಯ ಒಲೆ ಹತ್ತುವ ಮುಂಚೆ ಮಾತು ಬೋರಪ್ಪನ ಜಗಲಿ ಮುಟ್ಟಿತ್ತು.

ಆ ಹಟ್ಟಿಯ ಪದ್ಧತಿ ಹೀಗಿತ್ತು: ಸತ್ತವನನ್ನು ಮಣ್ಣಿಗಿಡುವ ಮುಂಚೆ, ಒಮ್ಮೆಯೂ ಯಾರೂ ಹೊದೆಯದ ಹೊಸ ಕರಿ ಕಂಬಳಿಯೊಂದನ್ನು ಅವನ ಒಡಹುಟ್ಟಿದವರ ಮನೆಯವರು ತಂದು ಹೊದಿಸಬೇಕು. ಸತ್ತವನ ಹೆಂಡತಿಯಾಗಲಿ ಮಕ್ಕಳಾಗಲಿ ಹೊದಿಸುವಂತಿಲ್ಲ. ಇವನು ನಮ್ಮವನು, ನಮ್ಮ ಜೊತೆ ಒಂದೇ ಮಡಿಲಲ್ಲಿ ಬೆಳೆದವನು ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಇರುವುದು ಆ ಕಂಬಳಿ. ಅದಿಲ್ಲದೆ ಮಣ್ಣಿಗೆ ಹೋದವನನ್ನು ಅವನ ರಕ್ತವೇ ಕೈಬಿಟ್ಟಿತು ಎಂದು ಅರ್ಥ.

ಆಂಜಿನಮ್ಮನ ಗಂಡ ಕದರಪ್ಪ ಬೋರಪ್ಪನ ಒಬ್ಬನೇ ತಮ್ಮ. ಹೊಟ್ಟೆನೋವಿಗೆ ಔಷಧಿ ಹುಡುಕಿಕೊಂಡು ಹೋಗಿ, ದೂರದ ಮಿಷನ್ ಆಸ್ಪತ್ರೆಯೊಂದರಲ್ಲಿ ಗುಣವಾಗಿ, ಯೇಸುವನ್ನು ನಂಬಿಕೊಂಡು ವಾಪಸು ಬಂದ. ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿ ನೋಡಿಕೊಂಡ ಆಂಜಿನಮ್ಮ ಅವನಿಗಿಂತ ಗಟ್ಟಿಯಾಗಿ ನಂಬಿದಳು. ಮಧುಗಿರಿಯ ಕ್ರೈಸ್ತ ಸಭೆಯಲ್ಲಿ ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಹೊಸ ಹೆಸರು ಇಡಲೇ ಎಂದು ಪಾದ್ರಿಯವರು ಕೇಳಿದ್ದಕ್ಕೆ, "ಬ್ಯಾಡಿ ಅಯ್ಯ, ಹೊಸ ಹೆಸರಲ್ಲಿ ಕರ್ತ ಕೂಗಿದ್ರೆ ಯಾರನ್ನೋ ಅಂದ್ಕೊಂಡು ಸುಮ್ಕಿದ್ದುಬುಡ್ತೀನಿ" ಎಂದಳು.

ಕೆಲವು ವರ್ಷದ ಮೇಲೆ, ಅದೇ ೧೯೭೪ರ ಬೇಸಿಗೆಯಲ್ಲಿ, ಕದರಪ್ಪ ಹಾವು ಕಚ್ಚಿ ಸತ್ತ. ಅಂಗಳದಲ್ಲಿ ಹೆಣ ಮಲಗಿಸಿ ಆಂಜಿನಮ್ಮ ಅವನ ಅಣ್ಣನ ಕಂಬಳಿಗೆ ಕಾದಳು. ಬೋರಪ್ಪ ಬಂದ. ಬರಿಗೈಯಲ್ಲಿ ಬಂದ. ಹಟ್ಟಿಯ ಸಮಾಧಿಗಳೆಲ್ಲ ಇದ್ದದ್ದು ಹೊಲದಂಚಿನ ಬೇಲದ ಮರದ ಸುತ್ತ. ಆ ಕಡೆಗೆ ಅಡ್ಡ ನಿಂತು, "ನಮ್ಮ ದೇವರನ್ನ ಬುಟ್ಟೋನು ನಮ್ಮ ಮರದ ಕೆಳಗೆ ಮಲಗಂಗಿಲ್ಲ. ಎಲ್ಲಿ ನೀರು ಹಾಕಿಸ್ಕೊಂಡ್ನೋ ಅಲ್ಲಿಗೇ ತಗಂಡೋಗಿ" ಎಂದ. ಹಟ್ಟಿಯ ಯಜಮಾನ ಗಂಗಣ್ಣ ನೆಲ ನೋಡಿದ. ಉಳಿದವರು ಗಂಗಣ್ಣನನ್ನು ನೋಡಿದರು.

ಅವಳು ಪಕ್ಕದ ಹಳ್ಳಿಯ ಎತ್ತಿನ ಗಾಡಿ ಕಟ್ಟಿಸಿದಳು. ಹಟ್ಟಿಯ ಒಬ್ಬರೂ ಜೊತೆಗೆ ಬರಲಿಲ್ಲ. ಗಾಡಿ ಹೊಡೆಯುವವನು ಮೂಗಿಗೆ ಟವೆಲ್ಲು ಕಟ್ಟಿಕೊಂಡಿದ್ದ, ಬಿಸಿಲು ಅಂಥದ್ದು. ಮಧುಗಿರಿಯ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಅವಳ ಸೀರೆಗೆ, ಕೂದಲಿಗೆ, ಬಾಯಿಗೆ ಆ ವಾಸನೆ ಹತ್ತಿತ್ತು. ಬದುಕೆಲ್ಲ ಕಂಬಳಿ ನೇಯ್ದವನು ಹೆಂಡತಿಯ ಹಳೆ ಸೀರೆ ಹೊದ್ದು ಸಭೆಯ ಸ್ಮಶಾನದಲ್ಲಿ ಮಣ್ಣಿಗೆ ಹೋದ.

ಆ ಗಾಡಿಯಲ್ಲಿ ಕೂತೇ ಅವಳು ತೀರ್ಮಾನ ಮಾಡಿದ್ದು. ಬೋರಪ್ಪನಿಗೆ ಇನ್ನು ಒಡಹುಟ್ಟಿದವರಿಲ್ಲ. ಅವನು ಸತ್ತ ದಿನ ಕಂಬಳಿ ತರುವ ಹಕ್ಕು ಕದರಪ್ಪನ ಮನೆಯದು. ಆ ಮನೆಯಲ್ಲಿ ಉಳಿದವಳು ತಾನೊಬ್ಬಳೇ. ಆ ಸೀಮೆಯಲ್ಲಿ ಯಾರೂ ಕಂಡಿರದಷ್ಟು ಚೆಂದದ ಕಂಬಳಿ ತರಬೇಕು. ಊರು ನೆರೆದಾಗ ಹೊದಿಸಬೇಕು. ಹೊದಿಸುತ್ತ ಒಂದು ಮಾತು ಹೇಳಬೇಕು: "ನಿನ್ನ ತಮ್ಮಂಗೆ ನೀನು ಹೊದಿಸ್ಲಿಲ್ಲ ಭಾವ. ನಿಂಗೆ ಅವನ ಹೆಂಡ್ತಿ ಹೊದಿಸ್ತಾ ಅವ್ಳೆ. ನಾಚ್ಕೊಂಡು ಹೋಗು." ಅಂಥ ಮಾತು ಹೆಣದ ಜೊತೆ ಹೂತುಹೋಗುವುದಿಲ್ಲ. ಮಕ್ಕಳ, ಮೊಮ್ಮಕ್ಕಳ ಮದುವೆ ಮಾತುಕತೆಯಲ್ಲೂ ಎದ್ದು ಬಂದು ಕೂರುತ್ತದೆ. ಅವಳಿಗೆ ಬೇಕಿದ್ದದ್ದು ಅದೇ.

ಹೆಂಗಸರು ಉಣ್ಣೆ ಹಿಂಜಿ ನೂಲುತ್ತಾರೆ, ಗಂಡಸರು ನೇಯುತ್ತಾರೆ. ಆಂಜಿನಮ್ಮ ಗಂಡನ ಮಗ್ಗದ ಗುಂಡಿಗೆ ತಾನೇ ಇಳಿದಳು. ಮೊದಮೊದಲು ಲಾಳಿ ಕೈತಪ್ಪಿ ಗೋಡೆಗೆ ಹೊಡೆಯುತ್ತಿತ್ತು.

"ಕ್ರಿಸ್ತರಾದ ಮ್ಯಾಲೆ ಗಂಡಸ್ರು ಕೆಲಸಾನೂ ಹೆಂಗಸ್ರೇ ಮಾಡ್ತಾರಾ?" ಎಂದು ಬೋರಪ್ಪ ದಾರಿಯಲ್ಲಿ ನಿಂತು, ಕುರಿಗೆ ಹೇಳುವವನ ಹಾಗೆ ಹೇಳಿದ.

"ಗಂಡಸ್ರು ಇದ್ರೆ ಅವರೇ ಮಾಡೋರು," ಎಂದು ಅವಳು ಒಳಗಿಂದಲೇ ಅಂದಳು. "ಭಾವ, ನಿನ್ನ ಉದ್ದ ಎಷ್ಟು? ಕಾಲು ಹೊರಗೆ ಉಳಿಯಬಾರ್ದು ನೋಡು."

ಅವನು ಕುರಿಗಳನ್ನು ಬೈಯುತ್ತ ಹೋದ. ಹಟ್ಟಿ ನಕ್ಕಿತು. ಆಮೇಲೆ ಅದು ಅಲ್ಲಿನ ತಮಾಷೆಯೇ ಆಗಿಬಿಟ್ಟಿತು. ಬೋರಪ್ಪ ಸೀನಿದರೆ "ಆಂಜಿನಕ್ಕಂಗೆ ಹೇಳ್ಕಳಿಸ್ರೋ" ಎನ್ನುವರು. ಅವಳು ನಗುತ್ತಿರಲಿಲ್ಲ. ಹೊಟ್ಟೆಪಾಡಿಗೆ ನೇಯುವ ಕಂಬಳಿಗಳನ್ನು ನೇಯ್ದು ಮಾರುತ್ತಲೇ, ಆ ಕರಿ ಉಣ್ಣೆಯನ್ನು ಬೇರೆ ಮಡಕೆಯಲ್ಲಿ ಕೂಡಿಡುತ್ತ ಬಂದಳು. ಬೆಳ್ಳಗಿನ ಎಳೆಯೊಂದು ಬೆರೆತಿದ್ದರೂ ಕಿತ್ತು ಎಸೆಯುವಳು. ದಾರ ಕೂದಲಿನಷ್ಟು ಸಣ್ಣಗೆ ನೂಲುವಳು. ನೂಲುವಾಗೆಲ್ಲ ಆ ಗಾಡಿಯ ದಾರಿಯನ್ನು ಮೊದಲಿಂದ ಕೊನೆಯವರೆಗೆ ನೆನೆಯುವಳು, ಎಲ್ಲಿಯೂ ಮರೆತುಹೋಗದ ಹಾಗೆ. ಭಾನುವಾರ ಮಾತ್ರ ಆ ಮಡಕೆ ಮುಟ್ಟುತ್ತಿರಲಿಲ್ಲ. ಕರ್ತನ ದಿನ, ಸೇಡಿಗೂ ರಜ.

ಏಕೆಂದರೆ ಆಂಜಿನಮ್ಮನ ಭಯಭಕ್ತಿ ಸಣ್ಣದಲ್ಲ. ಗೋಡೆಯಲ್ಲಿ ಶಿಲುಬೆ ತೂಗಿದ ಕಡೆಗೆ ಕಾಲು ಚಾಚಿ ಕೂರುತ್ತಿರಲಿಲ್ಲ. ಉಣ್ಣುವ ಮುಂಚೆ ತಲೆಗೆ ಸೆರಗು ಹೊದ್ದು, ಎದುರಿಗಿರುವ ಹಿರಿಯರೊಡನೆ ಮಾತಾಡುವಂತೆ ಪ್ರಾರ್ಥಿಸುವಳು. ದೇವರು ತನ್ನನ್ನು ಪ್ರೀತಿಸುತ್ತಾನೆ ಎಂಬುದರಲ್ಲಿ ಅವಳಿಗೆ ಒಂದು ಚೂರೂ ಅನುಮಾನವಿರಲಿಲ್ಲ. ಗಾಡಿಯ ಮೇಲೆ ಹೆಣದ ಪಕ್ಕ ತಾನಲ್ಲದೆ ಇನ್ನೊಬ್ಬ ಕೂತಿದ್ದ, ಅವನು ಮೂಗು ಮುಚ್ಚಿಕೊಳ್ಳಲಿಲ್ಲ ಎಂದು ಅವಳು ಮಗಳಿಗೆ ಒಮ್ಮೆ ಹೇಳಿದ್ದುಂಟು.

ತೊಡಕು ಬಂದದ್ದು ಅಲ್ಲೇ. ಸಭೆಯಲ್ಲಿ ಕರ್ತನ ಭೋಜನದ ಭಾನುವಾರ, ಜನ ಸಾಲಾಗಿ ಮುಂದೆ ಹೋಗಿ ಮೊಣಕಾಲೂರಿ ಕೈಯೊಡ್ಡುತ್ತಾರೆ. ಪಾದ್ರಿಯವರು ರೊಟ್ಟಿಯ ತುಣುಕು ಇಡುತ್ತಾರೆ. ಅದಕ್ಕೆ ಮುಂಚೆ, ಯಾರ ಮೇಲಾದರೂ ಹಗೆಯಿದ್ದರೆ ಅದನ್ನು ಬಿಟ್ಟು ಬನ್ನಿ ಎಂದು ಹೇಳುತ್ತಾರೆ. ಗಂಡ ಸತ್ತ ಮೇಲಿನ ಮೊದಲ ಭೋಜನದ ದಿನ ಆಂಜಿನಮ್ಮ ಆ ಮಾತು ಕೇಳಿದಳು, ಮಡಕೆಯಲ್ಲಿದ್ದ ಕರಿ ಉಣ್ಣೆಯನ್ನು ನೆನೆದಳು, ಕೂತಲ್ಲೇ ಕೂತಳು. ಪ್ರತಿ ಸಲವೂ ಹಾಗೆಯೇ. ಬಸ್ಸು ಹತ್ತಿ ಮಧುಗಿರಿಗೆ ಬರುವಳು, ಎಲ್ಲ ಹಾಡುಗಳನ್ನೂ ಹಾಡುವಳು, ರೊಟ್ಟಿಯ ಹೊತ್ತಿಗೆ ತಲೆ ತಗ್ಗಿಸಿ ಕೂರುವಳು. ಅದು ಅವಳಿಗೆ ಹಸಿವಿನ ಹಾಗೆ ಆಗುತ್ತಿತ್ತು. ಪಕ್ಕದವರು ತಿಂದು ಬಂದು ಕೂತಾಗ ಅವರ ಮುಖ ನೋಡದೆ ಕೈ ಮುಷ್ಟಿ ಮಾಡಿಕೊಳ್ಳುವಳು.

ಪಾದ್ರಿಯವರು ಒಮ್ಮೆ ಹಟ್ಟಿಗೇ ಬಂದರು. ಕಂಬಳಿಯ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಆದರೆ ಅರ್ಧ ಮಾತ್ರ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಜಗಲಿಯಲ್ಲಿ ಕೂತು, "ತುಂಬಾ ಸಂತೋಷವಾಯಿತು ಆಂಜಿನಮ್ಮ. ನಿನಗೆ ಕೆಟ್ಟದ್ದು ಮಾಡಿದವನಿಗೇ ಕಂಬಳಿ ನೇಯ್ತಿದೀಯಂತೆ. ಮುಂದಿನ ವಾರ ಪ್ರಸಂಗದಲ್ಲಿ ಹೇಳೋಣ ಅಂತಿದೀನಿ" ಎಂದರು.

ಆಂಜಿನಮ್ಮ ಮಜ್ಜಿಗೆಯ ಲೋಟ ಕೊಟ್ಟು ನಿಂತಳು. "ಹೇಳಬ್ಯಾಡಿ ಅಯ್ಯ. ಇದು ಪ್ರೀತಿ ಅಲ್ಲ. ಸೇಡು."

ಪಾದ್ರಿಯವರು ಲೋಟ ಹಾಗೇ ಹಿಡಿದುಕೊಂಡರು. ಅವಳು ಎಲ್ಲವನ್ನೂ ಹೇಳಿದಳು. ಆ ದಿನಕ್ಕೆಂದು ಇಟ್ಟುಕೊಂಡ ಮಾತನ್ನೂ.

"ಹಾಗಾದರೆ ಒಂದು ಕೆಲಸ ಮಾಡು," ಎಂದರು ಅವರು. "ನೇಯ್ದು ಮುಗಿಸಿ, ಅವನು ಬದುಕಿರುವಾಗಲೇ ಕೊಟ್ಟುಬಿಡು. ಚಳಿಗೆ ಹೊದೆಯಲಿ."

"ಬದುಕಿರೋನಿಗೆ ಕೊಟ್ರೆ ದಾನ ಆಗ್ತದೆ ಅಯ್ಯ. ಆ ಮೂತಿಗೆ ದಾನ ಮಾಡೋವಷ್ಟು ದೊಡ್ಡೋಳಲ್ಲ ನಾನು."

"ಇದಕ್ಕೇನಾ ನೀನು ಭೋಜನಕ್ಕೆ ಬರದೇ ಇರೋದು?"

"ಮತ್ತೆ? ಹೊಡೆಯೋನ ಮುಂದೆ ಸುಳ್ಳು ಹೇಳಿದ್ರೆ ಬೆನ್ನು ಉಳಿಸ್ಕೊಳ್ಳಕ್ಕೆ ಹೇಳ್ದೆ ಅನ್ನಬಹುದು. ಪ್ರೀತಿ ಮಾಡೋನ ಮುಂದೆ ಹೆಂಗೆ ಹೇಳನ? ಕೈಲಿ ಇದನ್ನ ಇಟ್ಕೊಂಡು ಆ ರೊಟ್ಟಿನ ಈಸ್ಕಣಕ್ಕೆ ನಂಗೆ ಭಯ."

"ಸೇಡು ಬಿಡೋಕೆ ಭಯ ಇಲ್ಲ?"

"ಬಿಡೋಕೆ ಮನಸಿಲ್ಲ," ಎಂದಳು ಆಂಜಿನಮ್ಮ. "ಕರ್ತಂಗೆ ದಿನಾ ಹೇಳ್ತೀನಿ. ಇನ್ನೂ ಮನಸಿಲ್ಲಪ್ಪಾ, ಇವತ್ತೂ ಇಲ್ಲ ಅಂತ. ಹೋಗು ಅಂತ ಇನ್ನೂ ಅಂದಿಲ್ಲ ಅವನು."

ಪಾದ್ರಿಯವರು ಮಜ್ಜಿಗೆ ಕುಡಿದರು. ಪ್ರಸಂಗದಲ್ಲಿ ಬೇರೆ ವಿಷಯ ಹೇಳಿದರು.

ಸಾಕಷ್ಟು ನೂಲು ಕೂಡಿದ್ದು ೧೯೮೨ರಲ್ಲಿ. ಅಂಗಳದಲ್ಲಿ ಗೂಟ ನೆಟ್ಟು ಉದ್ದೆಳೆಗಳ ಹಾಸು ಎಳೆದಳು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಬೇಯಿಸಿದ ಅಂಟಿನ ಸರಿಯನ್ನು ಎಳೆಎಳೆಗೂ ಬಳಿದು ಬಿಸಿಲಲ್ಲಿ ಒಣಗಿಸಿದಳು. ಸರಿ ತೆಳುವಾದರೆ ದಾರ ಹರಿಯುತ್ತದೆ. ದಪ್ಪವಾದರೆ ಕಂಬಳಿ ಹಲಗೆಯಾಗುತ್ತದೆ. ಮಗ್ಗಕ್ಕೆ ಏರಿಸಿ ಅರ್ಧ ದಾಟಿದ್ದಳು, ಬಾಗಿಲಲ್ಲಿ ಕೋಲಿನ ಸದ್ದಾಯಿತು. ಬೋರಪ್ಪ.

ಅವನು ಸೊರಗಿದ್ದ. ಕಣ್ಣಿಗೆ ಪೊರೆ ಬಂದಿತ್ತು. ತಮ್ಮ ಸತ್ತ ಮೇಲೆ ಆ ಹೊಸಿಲು ತುಳಿದದ್ದು ಅದೇ ಮೊದಲು.

"ನಂದೇನಾ ಮಗ್ಗದ ಮ್ಯಾಲಿರೋದು?"

"ನಿಂದೇ ಭಾವ. ಯಾಕೆ, ಅರ್ಜೆಂಟಾ?"

"ನೋಡಾನ ಅಂತ ಬಂದೆ. ಹೊದ್ಕಣೋನು ನಾನಲ್ವಾ."

ಅವಳು ಗುಂಡಿಯಿಂದ ಏಳಲಿಲ್ಲ. ಬೋರಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೇಯ್ದ ಭಾಗದ ಮೇಲೆ ಬೆರಳಾಡಿಸಿದ. ಕದರಪ್ಪನಿಗೆ ನೇಯ್ಗೆ ಕಲಿಸಿದವನೇ ಅವನು. ಆ ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಬಂದು ಹೋಯಿತು. ಇಷ್ಟು ನಯವಾದ ಕಂಬಳಿಯನ್ನು ಅವನು ಎಂದೂ ಮುಟ್ಟಿರಲಿಲ್ಲ. ಆಮೇಲೆ ಬೆರಳು ಅಂಚಿಗೆ ಬಂತು, ನಿಂತಿತು.

"ಅಂಚು ಸೊಟ್ಟ."

"ಇಲ್ಲ."

"ಸೊಟ್ಟ ಕಣಮ್ಮ. ಇಲ್ಲಿಂದ ಇಲ್ಲಿಗೆ ಒಳಕ್ಕೆ ಎಳ್ಕಂಡೈತೆ. ಇದನ್ನ ಹೊದಿಸಿದ್ರೆ ನನ್ನ ಮರ್ಯಾದಿ ಹೋಗಲ್ಲ, ನಿಂದೇ ಹೋಗ್ತದೆ." ಕೋಲೂರಿ ಎದ್ದ. ಬಾಗಿಲಲ್ಲಿ ನಿಂತು, ತಿರುಗದೆ, "ಅವನಿಗೂ ಅಷ್ಟೇ. ಅಂಚು ಹಿಡಿಯಕ್ಕೆ ಬರ್ತಿರ್ಲಿಲ್ಲ" ಎಂದ.

ಅವನು ತಮ್ಮನ ಬಗ್ಗೆ ಬಾಯಿಬಿಟ್ಟದ್ದು ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಆಂಜಿನಮ್ಮ ಅವನು ಹೋದ ಮೇಲೆ ದಾರ ಹಿಡಿದು ಅಂಚಿಗೆ ಇಟ್ಟು ನೋಡಿದಳು. ಎರಡೆಳೆಯಷ್ಟು ಒಳಕ್ಕಿತ್ತು. ಆಮೇಲೆ ಹಲ್ಲು ಕಚ್ಚಿಕೊಂಡು, ನೇಯ್ದದ್ದನ್ನೆಲ್ಲ ಬಿಚ್ಚಿದಳು. ಮತ್ತೆ ಮೊದಲಿಂದ ನೇಯ್ದಳು. ಮುಗಿದ ಕಂಬಳಿಯನ್ನು ಬೇವಿನ ಸೊಪ್ಪಿನ ನಡುವೆ ಮಡಿಸಿ ಟ್ರಂಕಿಗೆ ಹಾಕಿ ಕಾಯತೊಡಗಿದಳು.

ಬೋರಪ್ಪ ಸತ್ತದ್ದು ೧೯೮೫ರ ಚಳಿಗಾಲದಲ್ಲಿ, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂತಿದ್ದಾಗ. ಅವನ ಹೆಂಡತಿ ರಂಗಕ್ಕನ ಕೂಗು ಕೇಳಿದಾಗ ಆಂಜಿನಮ್ಮ ರಾಗಿ ಬೀಸುತ್ತಿದ್ದಳು. ಕೈ ತೊಳೆದಳು. ಟ್ರಂಕು ತೆಗೆದು ಬೇವಿನ ಎಲೆ ಒದರಿದಳು. ಏನು ಮಾಡಹೊರಟರೂ ಪ್ರಾರ್ಥಿಸುವವಳು ಅಂದು ಪ್ರಾರ್ಥಿಸಲಿಲ್ಲ. ಕೇಳಿದರೆ ಕರ್ತ ಬೇಡ ಎನ್ನುತ್ತಾನೆ ಎಂದು ಗೊತ್ತಿತ್ತು.

ಅಂಗಳದಲ್ಲಿ ಹಟ್ಟಿ ಪೂರಾ ನೆರೆದಿತ್ತು. ಪಕ್ಕದ ಹಳ್ಳಿಗಳಿಂದ ನೆಂಟರೂ ಬಂದಿದ್ದರು. ಅವಳು ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಗೌರಕ್ಕ ಚೆನ್ನಾಗಿ ಕೇಳಿಸಲೆಂದು ಮುಂದಕ್ಕೆ ಬಗ್ಗಿದಳು. ಬೋರಪ್ಪನ ಗಂಡುಮಕ್ಕಳು ತಲೆ ತಗ್ಗಿಸಿದರು. ಎಲ್ಲವೂ ಅವಳು ಗಾಡಿಯಲ್ಲಿ ಕೂತು ಕಂಡ ಹಾಗೆಯೇ ಇತ್ತು. ಬಾಯಲ್ಲಿ ಮಾತು ಸಿದ್ಧವಾಗಿತ್ತು.

ಆಗ ಅವಳಿಗೆ ಕಂಡದ್ದು: ಹೆಣದ ಮೇಲೆ ಇನ್ನೂ ಏನೂ ಹೊದಿಸಿರಲಿಲ್ಲ. ದೂರದ ದಾಯಾದಿಯೊಬ್ಬ ಕಂಬಳಿ ತಂದು ಮೂಲೆಯಲ್ಲಿ ಪೆಚ್ಚಾಗಿ ನಿಂತಿದ್ದ.

ರಂಗಕ್ಕ ಎದ್ದು ಬಂದಳು. "ಬಂದ್ಯಾ ತಾಯಿ. ನಿಂಗೇ ಕಾಯ್ತಿದ್ದೋ. ದಾಯಾದಿಗಳು ತಂದ್ರೆ ಮುಟ್ಟಿಸ್ಬ್ಯಾಡ ಅಂತ ಹೇಳಿದ್ರು ಅವರು. ನಂದು ಆಂಜಿನಿ ಹತ್ರ ಐತೆ, ಅವಳು ತಂದೇ ತರ್ತಾಳೆ, ಅಲ್ಲೀಗಂಟ ಎತ್ತಬ್ಯಾಡಿ. ಅಂಚು ಸೈತ ನಾನೇ ನಿಂತು ಸರಿ ಮಾಡ್ಸಿದೀನಿ, ಅಂದ್ರು."

ಆಂಜಿನಮ್ಮ ನಿಂತುಬಿಟ್ಟಳು. ಕಾಲಿಂದ ತಲೆಯವರೆಗೆ ಕೋಪ ಏರಿತು. ಹನ್ನೊಂದು ವರ್ಷ ಕಾಪಾಡಿಕೊಂಡು ಬಂದದ್ದನ್ನು ಈ ಮನುಷ್ಯ ಸಾಯುವ ಮುಂಚೆ ಕೈ ಚಾಚಿ ಕಿತ್ತುಕೊಂಡಿದ್ದ. ಅದು ಕೊನೆಯ ಕೊಂಕೋ, ತಪ್ಪಿನ ಒಪ್ಪಿಗೆಯೋ, ಬರೀ ನಂಬಿಕೆಯೋ, ಕೇಳೋಣವೆಂದರೆ ಅವನಿಲ್ಲ. ತಮ್ಮನನ್ನು ಕಂಬಳಿಯಿಲ್ಲದೆ ಕಳಿಸಿದವನು, ತಮ್ಮನ ಹೆಂಡತಿ ಹೊದಿಸಿಯೇ ಹೊದಿಸುತ್ತಾಳೆ ಎಂದು ಆರಾಮಾಗಿ ಮಲಗಿದ್ದ. ಏನು ನಾಚಿಕೆಗೆಟ್ಟ ಧೈರ್ಯ! ತಕ್ಕವನಲ್ಲ ಎಂದು ಗೊತ್ತಿದ್ದೂ, ಬರುತ್ತದೆ ಎಂದು ಕಾಯುವುದು!

ಆ ಧೈರ್ಯ ಅವಳಿಗೆ ಗುರುತಿನದಾಗಿತ್ತು. ಅದೇ ಧೈರ್ಯದಿಂದ ಅವಳೂ ಮಧುಗಿರಿಯ ಬಸ್ಸು ಹತ್ತುತ್ತಿದ್ದಳು. ಕೈಯಲ್ಲಿ ಹಗೆ ಹಿಡಿದುಕೊಂಡೇ, ರೊಟ್ಟಿ ಮುಂದಿನ ಸಲವೂ ಬರುತ್ತದೆ, ಹೋಗು ಎಂದು ಕರ್ತ ಎನ್ನುವುದಿಲ್ಲ ಎಂದು ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದಳು. ತಾನೂ ಬೋರಪ್ಪನೂ ಒಂದೇ ಸಾಲಿನಲ್ಲಿ ಕಾದವರು ಎಂಬುದು ಹೊಳೆದಾಗ ಅವಳಿಗೆ ಸಂತೋಷವೇನೂ ಆಗಲಿಲ್ಲ. ದೇವರ ಮೇಲೂ ಸಿಟ್ಟು ಬಂತು.

ಕಂಬಳಿ ಬಿಚ್ಚಿದಳು. ಬಿಸಿಲಿಗೆ ಅದು ಕಾಗೆಯ ರೆಕ್ಕೆಯಂತೆ ಹೊಳೆಯಿತು. ಮುಖದಿಂದ ಕಾಲಿನವರೆಗೆ ಹೊದಿಸಿದಳು. ಕಾಲು ಹೊರಗೆ ಉಳಿಯಲಿಲ್ಲ.

"ತಂದಿದೀನಿ ಭಾವ," ಎಂದಳು. ಕಾಲ ಬಳಿಯ ಅಂಚನ್ನು ಎಳೆದು ನೇರ ಮಾಡಿದಳು.

"ಅಷ್ಟೇನೇನೇ?" ಎಂದು ಗೌರಕ್ಕ ಪಿಸುಗುಟ್ಟಿದಳು.

"ಅಷ್ಟೇ. ಸುಮ್ಕಿರು." ಆಂಜಿನಮ್ಮ ಮುದುಕ ಗಂಗಣ್ಣನ ಕಡೆ ತಿರುಗಿದಳು. "ಯಜಮಾನ್ರೇ, ಒಂದು ಮಾತು. ನಾನು ಸತ್ರೆ ನಂಗೆ ನಿಮ್ಮ ಬೇಲದ ಮರ ಬ್ಯಾಡ. ಮಧುಗಿರೀಲಿ ನನ್ನ ಗಂಡನ ಪಕ್ಕ ಮಲಗ್ತೀನಿ. ಆದ್ರೆ ಗಾಡಿ ಹಟ್ಟಿಯೋರೇ ಕಟ್ಟಬೇಕು. ಹಿಂದೆ ನಡ್ಕೊಂಡು ಬರಬೇಕು. ಬಿಸಿಲಿದ್ರೂ."

ಗಂಗಣ್ಣ ಈ ಸಲ ನೆಲ ನೋಡಲಿಲ್ಲ. "ಬತ್ತೀವಿ ಕಣಮ್ಮ" ಎಂದ. ಬೋರಪ್ಪನ ದೊಡ್ಡ ಮಗ, "ಕಂಬಳಿ ನಾನು ತತ್ತೀನಿ ಚಿಕ್ಕವ್ವ" ಎಂದ.

"ನೇಯೋದು ಕಲ್ತ್ಕೊ ಮೊದ್ಲು," ಎಂದಳು ಅವಳು.

ಮುಂದಿನ ಭೋಜನದ ಭಾನುವಾರ ಎಲ್ಲರೂ ಎದ್ದು ಮುಂದೆ ಹೋದಾಗ ಆಂಜಿನಮ್ಮನೂ ಎದ್ದಳು. ಸಾಲಿನ ಕೊನೆಯಲ್ಲಿ ಮೊಣಕಾಲೂರಿದಳು. ಪಾದ್ರಿಯವರು ತಟ್ಟೆ ಹಿಡಿದು ಅವಳ ಮುಂದೆ ಬಂದು ನಿಂತರು. ತಲೆ ಬಗ್ಗಿಸಿ, ಬೇರೆಯವರಿಗೆ ಕೇಳದ ಹಾಗೆ, "ಬಿಟ್ಟೆಯಾ ಆಂಜಿನಮ್ಮ?" ಎಂದರು.

"ಪೂರ್ತಿ ಇಲ್ಲ ಅಯ್ಯ. ಕರ್ತಂಗೆ ಹೇಳಿದೀನಿ." ಅವಳು ಎರಡೂ ಅಂಗೈ ಬಿಡಿಸಿ ಮೇಲಕ್ಕೆ ಹಿಡಿದಳು. "ಕೈಲಿ ಏನೂ ಉಳಿದಿಲ್ಲ. ನೋಡಿ."

ಪಾದ್ರಿಯವರು ರೊಟ್ಟಿಯ ತುಣುಕನ್ನು ಆ ಕೈಯಲ್ಲಿ ಇಟ್ಟರು. ಅವಳು ಬಹಳ ಹೊತ್ತು ಅಗಿದಳು.

ಆಮೇಲೆ ಎಷ್ಟೋ ವರ್ಷ ಬದುಕಿದ್ದಳು. ಬೋರಪ್ಪನ ದೊಡ್ಡ ಮಗನಿಗೆ ಮಗ್ಗದಲ್ಲಿ ಅಂಚು ಹಿಡಿಯುವುದನ್ನು ಕಲಿಸಿದವಳು ಅವಳೇ. ಕಲಿಸುವಾಗೆಲ್ಲ ಒಂದು ಮಾತು ಹೇಳುತ್ತಿದ್ದಳು: ನಿಮ್ಮಪ್ಪ ಬಿಚ್ಚಿಸಿದ್ನಲ್ಲ, ಆ ಮೊದಲನೇ ಅಂಚು ನೆಟ್ಟಗೇ ಇತ್ತು.